ವ್ಯಂಗ್ಯಚಿತ್ರವೂ ಅಚ್ಚಿನ ಕಸುಬೂ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್ ಎಂಬ ಸ್ಥಳದ ಹೆಸರು ಕೆಲವು ವರ್ಷಗಳ ಹಿಂದೆ ಸುತ್ತಣ ಹಳ್ಳಿಗಳವರನ್ನುಳಿದು ಬಹು ಜನರಿಗೆ ತಿಳಿದಿದ್ದಿಲ್ಲ. 2016ನೆಯ ಇಸವಿಯ ಜನವರಿ 3ರಂದು ಅಲ್ಲಿ ಹೆಲಿಕಾಪ್ಟರ್ ಕಾರ್ಖಾನೆಗೆ ಅಸ್ತಿಭಾರದ ಕಲ್ಲನ್ನಿಟ್ಟರು. 2023ರ ಫೆಬ್ರವರಿ 6ರಂದು ಅದರ ಪ್ರಾರಂಭೋತ್ಸವವು ನಡೆಯಿತು. 615 ಎಕರೆ ನೆಲದ ಮೇಲೆ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯವರು ಕಟ್ಟಿಸಿದ ಈ ಕಾರ್ಖಾನೆಯಲ್ಲಿ ಮೊದಲು ವರ್ಷಕ್ಕೆ 30 ಹೆಲಿಕಾಪ್ಟರುಗಳನ್ನು ಮಾಡಿ, ಮುಂದೆ ಆ ಸಂಖ್ಯೆಯನ್ನು 60ಕ್ಕೂ 90ಕ್ಕೂ ಏರಿಸುವ ಸಂಕಲ್ಪವನ್ನು ಆಗಲೇ ಸಾರಿದರು. ಕಾವಲ್ ಎಂದರೆ ಮೈಸೂರು ಸೀಮೆಯ ಮಾತಿನಲ್ಲಿ ದನಗಳ ಮೇವಿಗಾಗಿ ಕಾದಿಟ್ಟ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯೂ, ಟಿಪ್ಪುವಿನ ಕಾಲದಲ್ಲಿ ಅದಕ್ಕೆ ಬಂದ ಅಮೃತಮಹಲ್ ಎಂಬ ಹೆಸರೂ ಇಂಥ ಕಾವಲುಗಳ ಹುಲ್ಲನ್ನು ನಂಬಿಯೇ ಬಾಳಿದವು. ಹುಲ್ಲು ಬೆಳೆಯುವುದಕ್ಕೆಂದು ಹೆಸರಾದ ನೆಲದಲ್ಲಿ ಈಗ ಆಕಾಶಕ್ಕೆ ಏರುವ ಯಂತ್ರವು ಹುಟ್ಟುತ್ತಿದೆ.

ಕಾರ್ಖಾನೆಯು ಬಂದುದಕ್ಕಾಗಿ ನಾವು ಮುಖ ಸಿಂಡರಿಸುವವರಲ್ಲ. ಕನ್ನಡ ನಾಡಿನ ನೆಲದಲ್ಲಿ ದೊಡ್ಡ ಕೈಗಾರಿಕೆಯು ನಿಂತು, ಇಲ್ಲಿಯ ಮಕ್ಕಳಿಗೆ ಕೆಲಸ ದೊರೆಯುವುದಾದರೆ ಅದಕ್ಕಿಂತ ಸಂತೋಷವು ನಮಗೆ ಬೇರೆಯಿಲ್ಲ. ಆದರೆ ವ್ಯಂಗ್ಯಚಿತ್ರವನ್ನು ಬರೆಯಬಲ್ಲವನಿಗೆ ಇದಕ್ಕಿಂತ ಮಿಗಿಲಾದ ವಸ್ತುವು ಬೇಕೆ? ಮೇಲೆ ಹಾರುತ್ತಿರುವ ಯಂತ್ರ. ಕೆಳಗೆ ತಲೆಯೆತ್ತಿ ನೋಡುತ್ತಿರುವ, ಹುಲ್ಲು ಕಾಣದ ಹಸು. ಬೇಲಿಯ ಹೊರಗೆ ಕೈಗಾರಿಕಾ ತರಬೇತಿಯ ಪ್ರಮಾಣಪತ್ರವನ್ನು ಸುರುಳಿ ಸುತ್ತಿ ದುರ್ಬೀನು ಮಾಡಿಕೊಂಡು ಒಳಗೆ ನಿರುಕಿಸುತ್ತಿರುವ ಹಳ್ಳಿಯ ಹುಡುಗ. ಇದನ್ನು ಬರೆಯುವ ಕೈಯು ತುಮಕೂರು ಜಿಲ್ಲೆಯಲ್ಲಿ ಇಲ್ಲವೆಂದು ನಾವು ನಂಬಲಾರೆವು. ಬರೆದ ಮೇಲೆ ಅದನ್ನು ಅಚ್ಚು ಹಾಕುವವರು ಯಾರು, ಮಾರುವವರು ಯಾರು, ಕೊಳ್ಳುವವರು ಯಾರು? ನಮ್ಮ ಪ್ರಶ್ನೆಯು ಇಷ್ಟೆ. ಗುಬ್ಬಿಯ ಪೇಟೆಯಲ್ಲಾಗಲಿ ತುಮಕೂರಿನ ಬೀದಿಯಲ್ಲಾಗಲಿ ಇಂದು ಚಿತ್ರವನ್ನು ಅಚ್ಚು ಹಾಕುವ ಅಂಗಡಿಗಳೆಂದರೆ ಫ್ಲೆಕ್ಸ್ ಅಂಗಡಿಗಳು. ಮುಖಂಡರ ಹುಟ್ಟುಹಬ್ಬಕ್ಕೆ ಅವರ ಮುಖವನ್ನು ಹತ್ತು ಅಡಿ ಎತ್ತರಕ್ಕೆ ಅಚ್ಚು ಹಾಕಿ ಕೊಡುವ ಅಂಗಡಿಯವನು ಅದೇ ಮುಖದ ಮೂಗನ್ನು ಎರಡು ಅಂಗುಲ ಉದ್ದಮಾಡಿ ಅಚ್ಚು ಹಾಕಬಲ್ಲನೇ? ಅವನ ಹೊಟ್ಟೆಪಾಡು ಆ ಮೂಗಿನ ಮರ್ಜಿಯಲ್ಲಿದೆ.

ವ್ಯಂಗ್ಯಚಿತ್ರವೆಂಬುದು ಬರಿಯ ಬುದ್ಧಿಚಾತುರ್ಯದ ಫಲವೆಂದು ನಮ್ಮ ವಿದ್ಯಾವಂತರು ತಿಳಿದಿರುವರು. ಅದು ಅರ್ಧ ಸತ್ಯ. ಇಂಗ್ಲೆಂಡಿನಲ್ಲಿ ಈ ಕಲೆಗೆ ತಳಹದಿ ಹಾಕಿದ ಹೋಗಾರ್ಥನು ಬಾಲ್ಯದಲ್ಲಿ ಬೆಳ್ಳಿಯ ಪಾತ್ರೆಗಳ ಮೇಲೆ ಲಾಂಛನ ಕೆತ್ತುವ ಕಸುಬುದಾರನ ಬಳಿ ಕೆಲಸ ಕಲಿತವನು. ನಮ್ಮ ಅಕ್ಕಸಾಲಿಗರ ಉಳಿಯೇ ಅವನ ಮೊದಲ ಲೇಖನಿ ಎನ್ನಬಹುದು. ಅವನು ತಾಮ್ರದ ತಗಡಿನ ಮೇಲೆ ಕೆತ್ತಿದ ಚಿತ್ರಮಾಲೆಯೊಂದು 1732ರಲ್ಲಿ ಹೊರಬಿದ್ದೊಡನೆ ಬೇರೆ ಅಂಗಡಿಯವರು ಅದನ್ನು ಕದ್ದು ಕೆತ್ತಿ ಅಗ್ಗವಾಗಿ ಮಾರಹತ್ತಿದರು. ಹೋಗಾರ್ಥನು ಸುಮ್ಮನಿರಲಿಲ್ಲ. ತನ್ನಂಥ ಕೆಲಸಗಾರರನ್ನು ಕೂಡಿಸಿಕೊಂಡು ಪಾರ್ಲಿಮೆಂಟಿಗೆ ಮನವಿ ಮಾಡಿ, 1735ರಲ್ಲಿ ಕೆತ್ತನೆಯ ಚಿತ್ರಗಳಿಗೆ 14 ವರ್ಷಗಳ ಹಕ್ಕನ್ನು ಕೊಡುವ ಕಾಯಿದೆಯನ್ನು ಮಾಡಿಸಿದನು. ತನ್ನ ಮುಂದಿನ ಚಿತ್ರಮಾಲೆಯನ್ನು ಆ ಕಾಯಿದೆಯು ಜಾರಿಗೆ ಬರುವವರೆಗೂ ತಡೆಹಿಡಿದಿದ್ದನು. ಅವನ ಅನಂತರ ಬಂದ ಗಿಲ್ರೇ ಎಂಬವನು ಲಂಡನ್ನಿನಲ್ಲಿ ಹ್ಯಾನಾ ಹಂಫ್ರಿ ಎಂಬ ಹೆಂಗಸಿನ ಚಿತ್ರದಂಗಡಿಯ ಮೇಲುಗಡೆಯ ಕೋಣೆಯಲ್ಲಿಯೇ ವಾಸಮಾಡುತ್ತ, ಮಹಡಿಯ ಮೇಲೆ ಕೆತ್ತಿದುದನ್ನು ಕೆಳಗೆ ಮಾರಿಸುತ್ತಿದ್ದನು. ಒಂದೊಂದು ಪ್ರತಿಗೂ ಕೈಯಿಂದಲೇ ಬಣ್ಣ ತುಂಬುವ ಕೂಲಿಕಾರರು ಬೇರೆ. ಅಂಗಡಿಯ ಗಾಜಿನ ಕಿಟಕಿಯ ಮುಂದೆ ಕೊಳ್ಳಲು ಕಾಸಿಲ್ಲದವರೂ ನೆರೆದು ನಗುತ್ತಿದ್ದರು. ಒಬ್ಬನ ಬುದ್ಧಿ, ಹತ್ತು ಜನರ ಕೈ, ಒಬ್ಬಾಕೆಯ ವ್ಯಾಪಾರಧೈರ್ಯ, ಇವು ಕೂಡಿದಲ್ಲಿ ಆ ನಗೆಯು ಹುಟ್ಟಿತು.

ಕಲ್ಲಚ್ಚಿನ ಕತೆಯು ಇನ್ನೂ ಸ್ವಾರಸ್ಯವಾದುದು. ಬವೇರಿಯಾ ಪ್ರಾಂತದ ಸೆನೆಫೆಲ್ಡರ್ ಎಂಬ ನಾಟಕಕಾರನು ತನ್ನ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ಅಚ್ಚು ಹಾಕಿಸುವ ದಾರಿ ಹುಡುಕುತ್ತ, 1796ರಿಂದ 1798ರೊಳಗಾಗಿ ಇದನ್ನು ಕಂಡುಹಿಡಿದನು. ನುಣ್ಣಗೆ ಅರೆದ ಸುಣ್ಣದ ಕಲ್ಲಿನ ಮೇಲೆ ಜಿಡ್ಡು ಬೆರೆತ ಕಡ್ಡಿಯಿಂದ ಬರೆಯುವುದು. ಕಲ್ಲನ್ನು ಹದಗೊಳಿಸಿ ನೀರಿನಿಂದ ಒದ್ದೆಮಾಡುವುದು. ಜಿಡ್ಡಿಗೂ ನೀರಿಗೂ ಹುಟ್ಟುವೈರವಾದುದರಿಂದ ಉರುಳೆಯಿಂದ ಶಾಯಿ ಹಚ್ಚಿದರೆ ಬರೆದ ಗೆರೆಗಳಿಗೆ ಮಾತ್ರ ಅದು ಹತ್ತುವುದು. ಮೇಲೆ ಕಾಗದವನ್ನಿಟ್ಟು ಒತ್ತುವುದು. ಕೆಲಸ ತೀರಿದ ಮೇಲೆ ಕಲ್ಲನ್ನು ಅರೆದರೆ ಹೊಸ ಚಿತ್ರಕ್ಕೆ ಅದೇ ಕಲ್ಲು ಸಿದ್ಧ. ಮರ ಕೆತ್ತುವುದಕ್ಕೂ ತಾಮ್ರ ಕೊರೆಯುವುದಕ್ಕೂ ವಾರಗಟ್ಟಲೆ ಬೇಕು. ಕಲ್ಲಿನ ಮೇಲಾದರೋ ಚಿತ್ರಕಾರನು ಕಾಗದದ ಮೇಲೆ ಬರೆದಷ್ಟೇ ಸಲೀಸಾಗಿ ಬರೆಯಬಹುದು. ನಿನ್ನೆ ನಡೆದ ಅನ್ಯಾಯವನ್ನು ನಾಳೆ ಬೀದಿಯಲ್ಲಿ ತೋರಿಸುವುದಕ್ಕೆ ಇದು ಹೇಳಿ ಮಾಡಿಸಿದ ವಿದ್ಯೆ.

ಪ್ಯಾರಿಸಿನ ದೋಮಿಯೇ ಎಂಬವನು ತನ್ನ ಆಯುಷ್ಯದಲ್ಲಿ ಸುಮಾರು 4000 ಚಿತ್ರಗಳನ್ನು ಕಲ್ಲಿನ ಮೇಲೆ ಬರೆದನು. 1831ರಲ್ಲಿ ಅವನು ಫ್ರಾನ್ಸಿನ ದೊರೆಯನ್ನು ಬಡವರ ಕಾಸನ್ನೆಲ್ಲ ನುಂಗುವ ಹೊಟ್ಟೆಬಾಕನನ್ನಾಗಿ ಬರೆದಾಗ, ಸರಕಾರವು ಅವನೊಬ್ಬನನ್ನೇ ಹಿಡಿಯಲಿಲ್ಲ. ಚಿತ್ರವನ್ನು ಅಚ್ಚು ಹಾಕಿದವನನ್ನೂ ಮಾರಿದವನನ್ನೂ ಅವನೊಡನೆ ನ್ಯಾಯಸ್ಥಾನಕ್ಕೆ ಎಳೆದು, ಮೂವರನ್ನೂ ಅಪರಾಧಿಗಳೆಂದಿತು. ದೋಮಿಯೇ 1832ರಲ್ಲಿ ಸೆರೆಮನೆ ಕಂಡನು. 1834ರಲ್ಲಿ ಪ್ಯಾರಿಸಿನ ಒಂದು ಓಣಿಯ ಮನೆಯೊಳಗೆ ಸಿಪಾಯಿಗಳು ನುಗ್ಗಿ ನಿರಪರಾಧಿಗಳನ್ನು ಕೊಂದುದನ್ನು ಅವನು ಚಿತ್ರಿಸಿದಾಗ, ಅಧಿಕಾರಿಗಳು ಸಿಕ್ಕ ಪ್ರತಿಗಳೊಡನೆ ಆ ಕಲ್ಲನ್ನೂ ಹಿಡಿದುಕೊಂಡುಹೋದರು. ಚಿತ್ರಕಾರ, ಅಚ್ಚಿನವ, ಅಂಗಡಿಕಾರ ಈ ಮೂವರೂ ಒಂದೇ ದೇಹದ ಅಂಗಗಳೆಂಬುದನ್ನು ನಮ್ಮ ಕಲಾವಿಮರ್ಶಕರಿಗಿಂತ ಆ ಪೊಲೀಸಿನವರು ಚೆನ್ನಾಗಿ ಅರಿತಿದ್ದರೆಂದು ತೋರುತ್ತದೆ.

ನಮ್ಮ ದೇಶದಲ್ಲಿಯೂ ಉದಾಹರಣೆಗಳಿಗೆ ಕೊರತೆಯಿಲ್ಲ. ಕಲಕತ್ತೆಯ ಬಟತಲಾ ಪೇಟೆಯ ಮರದಚ್ಚಿನ ಚಿತ್ರಗಳನ್ನು ಕೆತ್ತಿದವರಲ್ಲಿ ಕಂಚುಗಾರರೂ ಅಕ್ಕಸಾಲಿಗರೂ ಬಹುಮಂದಿ. 1873ರಲ್ಲಿ ತಾರಕೇಶ್ವರದ ಮಹಂತನ ಪ್ರಕರಣವು ಬಂಗಾಳವನ್ನೆಲ್ಲ ಕದಡಿದಾಗ, ಕಾಳೀಘಾಟಿನ ಪಟಕಾರರೂ ಬಟತಲೆಯ ಕೆತ್ತನೆಗಾರರೂ ಆ ಮಹಂತನನ್ನು ಗಾಣ ತಿರುಗಿಸುವ ಕೈದಿಯನ್ನಾಗಿ ಬರೆದು ಮಾರಿದರು. ಯಾತ್ರೆಗೆ ಬಂದ ರೈತನು ದೇವಿಯ ಪಟದ ಜೊತೆಗೆ ಮಹಂತನ ಪಟವನ್ನೂ ಕೊಂಡು ಮನೆಗೆ ಒಯ್ದನು! ಅವರ ಆ ವ್ಯಾಪಾರವನ್ನು ಮುರಿದುದು ಯಾವ ಕಾನೂನೂ ಅಲ್ಲ. ಜರ್ಮನಿಯಿಂದ ಹಡಗಿನಲ್ಲಿ ಬಂದಿಳಿದ ಅಗ್ಗದ ಬಣ್ಣದ ಪಟಗಳು. ಮುಂದೆ ಗಗನೇಂದ್ರನಾಥ ಠಾಕೂರರು ಮನೆಯಲ್ಲಿಯೇ ಕಲ್ಲಚ್ಚಿನ ಯಂತ್ರವನ್ನಿಟ್ಟುಕೊಂಡು 1917ರಿಂದ 1921ರೊಳಗೆ ವ್ಯಂಗ್ಯಚಿತ್ರಗಳ ಸಂಪುಟಗಳನ್ನು ಹೊರಡಿಸಿದರೆಂದರೆ, ಶ್ರೀಮಂತರ ಮನೆಯ ಕಲಾವಿದನಾದರೂ ಕಲ್ಲಿನ ಹಂಗಿಲ್ಲದೆ ಈ ಕೆಲಸಕ್ಕೆ ಇಳಿಯಲಾರನೆಂದು ಅರ್ಥವಾಗುತ್ತದೆ.

ಹಾಗಾದರೆ ಕನ್ನಡಿಗರಿಗೆ ಕಲ್ಲು ಇರಲಿಲ್ಲವೆ? ಇದ್ದಿತು. ಕಲ್ಲಿನಿಂದಲೇ ನಮ್ಮ ಪತ್ರಿಕಾವ್ಯವಸಾಯವು ಮೊದಲಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. 1843ರ ಜುಲೈ 1ರಂದು ಮೋಗ್ಲಿಂಗ್ ಸಾಹೇಬರ ‘ಮಂಗಳೂರ ಸಮಾಚಾರ’ವು ಆ ಕಲ್ಲಿನ ಮೇಲಿಂದಲೇ ಎದ್ದು ಬಂದಿತು. 1848ರಿಂದ 1853ರೊಳಗೆ ಅವರೂ ಅವರ ಸಂಗಡಿಗರೂ ಜೈಮಿನಿ ಭಾರತ, ದಾಸರ ಪದಗಳು ಮೊದಲಾದ ನಮ್ಮ ಹಳೆಯ ಗ್ರಂಥಗಳನ್ನು ಕಲ್ಲಚ್ಚಿನಲ್ಲಿಯೇ ಹೊರಡಿಸಿದರು. ಡಾಂಭಿಕರ ಮುಖಕ್ಕೆ ಕನ್ನಡಿ ಹಿಡಿದ ದಾಸರ ಮಾತು ಕಾಗದಕ್ಕಿಳಿದುದು ಹೀಗೆ. ಅದೇ ಮಿಷನ್ನು ನೇಯ್ಗೆಯ ಶಾಲೆಗಳನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿತು. ಅಲ್ಲಿ ಅಚ್ಚು, ನೇಯ್ಗೆ, ಹಂಚು ಇವೆಲ್ಲವೂ ಒಂದೇ ಮನೆಯ ಕಸುಬುಗಳಾಗಿದ್ದವು. ಗುಬ್ಬಿಯವರಿಗೂ ಈ ಚರಿತ್ರೆಯಲ್ಲಿ ಪಾಲಿದೆ. ವೆಸ್ಲಿಯನ್ ಮಿಷನ್ನಿನವರು ಬೆಂಗಳೂರಿನಲ್ಲಿ ಕನ್ನಡ ಅಚ್ಚುಕೂಟವನ್ನು ತೆರೆಯುತ್ತಿದ್ದ 1840ರ ಸುಮಾರಿಗೆ ಅವರ ಠಾಣ್ಯವೊಂದು ಗುಬ್ಬಿಯಲ್ಲಿಯೇ ಇದ್ದಿತು. ಅಲ್ಲಿದ್ದ ವಿಲಿಯಂ ಆರ್ಥರ್ ಎಂಬ ಪಾದ್ರಿಯು ಬರೆದ ಮೈಸೂರು ಸೀಮೆಯ ಪುಸ್ತಕವು 1847ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

ಕಲ್ಲು ಬಂದಿತು, ಮೊಳೆ ಬಂದಿತು, ಕಲಿತ ಕೈಗಳೂ ಬಂದವು. ಆದರೂ ಬಂಗಾಳದಲ್ಲಿ ಹುಟ್ಟಿದಂತೆ ಬೀದಿಯ ವ್ಯಂಗ್ಯಚಿತ್ರವು ಕನ್ನಡದಲ್ಲಿ ಹುಟ್ಟಲಿಲ್ಲ. ಪಾದ್ರಿಗಳ ಕಲ್ಲಿಗೆ ಬೇರೆ ಕೆಲಸವಿದ್ದಿತೆಂಬುದೊಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವು ನಮ್ಮ ನಾಡಿನ ಒಡಕು. ವಾಚಕರು ಸ್ವಲ್ಪ ಆಲೋಚಿಸಬೇಕು. ನಗೆಗೆ ಗುರಿಯಾಗುವವನನ್ನು ನಗುವವರೆಲ್ಲರೂ ಬಲ್ಲವರಾಗಿರಬೇಕಷ್ಟೆ? ಧಾರವಾಡದವನಿಗೆ ಮುಂಬಯಿ ಲಾಟಸಾಹೇಬನ ಮೀಸೆಯು ಗೊತ್ತು. ಮೈಸೂರಿನವನಿಗೆ ದಿವಾನರ ಪೇಟವು ಗೊತ್ತು. ಮಂಗಳೂರು ಬಳ್ಳಾರಿಗಳವರಿಗೆ ಮದರಾಸಿನ ಕಲೆಕ್ಟರನು ಗೊತ್ತು. ಕಲಬುರ್ಗಿ ರಾಯಚೂರುಗಳವರಿಗೆ ನಿಜಾಮನ ತಾಲ್ಲೂಕುದಾರನು, ಅದೂ ಉರ್ದುವಿನಲ್ಲಿ. ಕೊಡಗಿನವರಿಗೆ ಅವರ ಚೀಫ್ ಕಮೀಷನರನು. ಒಬ್ಬನ ಅಧಿಕಾರಿಯನ್ನು ಅಣಕಿಸಿ ಬರೆದ ಚಿತ್ರವು ಇನ್ನೊಬ್ಬನಿಗೆ ಯಾರೋ ಪರಸ್ಥಳದವನ ಪಟ. ಐದು ಕಡೆಯೂ ಮಾರಾಟವಾಗದ ಚಿತ್ರಕ್ಕೆ ಬಂಡವಾಳ ಹಾಕುವ ಅಂಗಡಿಕಾರನು ಎಲ್ಲಿಂದ ಬಂದಾನು? ಆಲೂರ ವೆಂಕಟರಾಯರು ಗತವೈಭವವನ್ನು ನೆನಪಿಸಿ ನಮ್ಮನ್ನು ಒಟ್ಟುಗೂಡಿಸಿದರು, ಒಳ್ಳೆಯದಾಯಿತು. ವರ್ತಮಾನದ ಅವಮಾನಗಳನ್ನು ಕಂಡು ಒಟ್ಟಾಗಿ ನಗುವ ಸೌಕರ್ಯವು ಮಾತ್ರ ನಮಗೆ ಬಹುಕಾಲ ದೊರೆಯಲಿಲ್ಲ. ಇದರ ಮೇಲೆ ಸರಕಾರಗಳ ಅಂಕುಶ. ಬ್ರಿಟಿಷ್ ಸೀಮೆಯಲ್ಲಿ 1878ರ ಕಾಯಿದೆ, ತಿರುಗಿ 1910ರ ಕಾಯಿದೆ. ಮೈಸೂರಿನಲ್ಲಿ 1908ರ ವೃತ್ತಪತ್ರಿಕೆಗಳ ಕಾನೂನು. ತಾತಯ್ಯನವರೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ಆ ಕಾನೂನಿಗೆ ತಲೆಬಾಗದೆ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಂಥವರ ಸಂಪಾದಕೀಯಕ್ಕೇ ಆ ಗತಿಯೆಂದರೆ, ಪರವಾನಗಿಯನ್ನು ನೆಚ್ಚಿದ ಸಣ್ಣ ಅಚ್ಚುಕೂಟದವನು ವ್ಯಂಗ್ಯಚಿತ್ರವನ್ನು ಮುಟ್ಟುವ ಧೈರ್ಯವನ್ನು ಹೇಗೆ ತಾಳುವನು?

ಈ ತೊಡಕನ್ನು ಬಿಡಿಸಿದವರು ಬೆಂಗಳೂರಿನ ಒಬ್ಬ ವೈದ್ಯರೆಂಬುದು ನಮಗೆ ಅಭಿಮಾನದ ಸಂಗತಿ. ರಾಶಿ ಎಂಬ ಹೆಸರಿನಿಂದ ಬರೆಯುತ್ತಿದ್ದ ಡಾಕ್ಟರ್ ಎಂ. ಶಿವರಾಮ್ ಅವರು 1942ರಲ್ಲಿ ‘ಕೊರವಂಜಿ’ಯನ್ನು ಹೊರಡಿಸಿದರು. ಮನೆ ಮನೆಗೆ ಹೋಗಿ ಕಣಿ ಹೇಳುವವಳ ಹೆಸರು. ಇದಕ್ಕಿಂತ ಕನ್ನಡವಾದ ಹೆಸರು ಒಂದು ನಗೆಪತ್ರಿಕೆಗೆ ಸಿಕ್ಕದು. ಅವರು ಅಣಕಿಸಿದುದು ಯಾವ ಒಂದು ಪ್ರಾಂತದ ಅಧಿಕಾರಿಯನ್ನೂ ಅಲ್ಲ. ಮನೆಯ ಯಜಮಾನ, ಕಛೇರಿಯ ಗುಮಾಸ್ತ, ಬೀದಿಯ ಪುಢಾರಿ, ಇಂಥವರನ್ನು. ಈ ಜನರು ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಕಡೆಯೂ ಇರುವವರು! ನಾ. ಕಸ್ತೂರಿಯಂಥವರು ಅದಕ್ಕೆ ಬರೆದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದುತ್ತಿದ್ದ ಆರ್.ಕೆ. ಲಕ್ಷ್ಮಣರು ಅದಕ್ಕೆ ಚಿತ್ರಗಳನ್ನು ಬರೆದರು. 25 ವರ್ಷ ನಡೆದು 1967ರಲ್ಲಿ ‘ಕೊರವಂಜಿ’ಯು ನಿಂತಿತು. 1983ರಿಂದ ‘ಅಪರಂಜಿ’ಯು ಆ ದಾರಿಯಲ್ಲಿ ನಡೆಯಿತು.

ಆ ಕಾಲದ ಚಿತ್ರವು ಓದುವವನ ಕೈಗೆ ಬರುವ ಮೊದಲು ಎಷ್ಟು ಕೈಗಳನ್ನು ದಾಟಬೇಕಾಗಿದ್ದಿತೆಂಬುದನ್ನು ಇಂದಿನ ತರುಣರು ಬಲ್ಲರೋ ಇಲ್ಲವೋ. ಚಿತ್ರಕಾರನ ಹಾಳೆಯನ್ನು ಬ್ಲಾಕ್ ಮಾಡುವವನು ಛಾಯಾಚಿತ್ರವಾಗಿ ಹಿಡಿದು, ಸತುವಿನ ತಗಡಿನ ಮೇಲೆ ಇಳಿಸಿ, ಗೆರೆಗಳನ್ನುಳಿದ ಭಾಗವನ್ನು ಆಮ್ಲದಿಂದ ತಿನ್ನಿಸಿ, ತಗಡನ್ನು ಮರದ ತುಂಡಿಗೆ ಮೊಳೆಯಿಂದ ಬಡಿದು ಕೊಡುತ್ತಿದ್ದನು. ಅಚ್ಚುಮೊಳೆಯ ಎತ್ತರಕ್ಕೆ ಆ ಮರವು ಕೂದಲೆಳೆಯಷ್ಟು ತಗ್ಗಿದರೂ ಚಿತ್ರವು ಮಸುಕು. ಕಂಪೋಸಿಟರನು ಕೆಳಗೆ ಕಾಗದದ ಚೂರುಗಳನ್ನು ಕೊಟ್ಟು ಸರಿಮಾಡಬೇಕು. ಯಂತ್ರ ತುಳಿಯುವವನು ಶಾಯಿಯನ್ನು ಹೆಚ್ಚಿಸಿದನೋ ಸಾಮಾನ್ಯನ ಕನ್ನಡಕವು ಕಪ್ಪು ಬೊಟ್ಟಾಗುವುದು. ಈ ಯಾರ ಹೆಸರೂ ಚಿತ್ರದ ಕೆಳಗೆ ಬರುತ್ತಿರಲಿಲ್ಲ. ಇಂಥ ಕೆಲಸಕ್ಕೆ ದೊಡ್ಡ ಪೇಟೆ ಬೇಕು. ಆದುದರಿಂದಲೇ ಲಕ್ಷ್ಮಣರು ಮುಂಬಯಿಗೆ ಹೋದರು. 1951ರಿಂದ ಅವರ ‘ಶ್ರೀಸಾಮಾನ್ಯ’ನು ಇಡೀ ಭಾರತಕ್ಕೆ ಪರಿಚಿತನಾದನು, ಆದರೆ ಇಂಗ್ಲಿಷಿನಲ್ಲಿ. ಕಲಬುರ್ಗಿಯ ಎಸ್.ಎಂ. ಪಂಡಿತರು ಕ್ಯಾಲೆಂಡರ್ ಪಟಗಳಿಂದ ಮನೆಮಾತಾದುದೂ ಮುಂಬಯಿಯಲ್ಲಿಯೇ. ಉಡುಪಿಯ ಕಡೆಯ ಕೆ.ಕೆ. ಹೆಬ್ಬಾರರು ನೆಲೆ ಕಂಡುದೂ ಅಲ್ಲಿಯೇ. ಕನ್ನಡದ ಕೈಗಳು ಯಂತ್ರವಿದ್ದೆಡೆಗೆ ಹೋದವು. ಅವರನ್ನು ದೂರುವುದು ನ್ಯಾಯವಲ್ಲ. ಒಕ್ಕಲಿಗನು ನೀರಿದ್ದ ಕಡೆ ಬಿತ್ತುತ್ತಾನೆ.

1956ರ ನವೆಂಬರ್ 1ರಂದು ನಾಡು ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಇನ್ನು ಒಡಕಿನ ನೆವವನ್ನು ಹೇಳುವಂತಿಲ್ಲ. ನಮ್ಮ ಹಿರಿಯರು ಏಕೀಕರಣವನ್ನು ಬೇಡಿದುದು ಒಂದು ಸರಕಾರಕ್ಕಾಗಿ ಮಾತ್ರವಲ್ಲ, ಒಂದು ಮಾರುಕಟ್ಟೆಗಾಗಿ, ಒಂದು ಓದುಗವರ್ಗಕ್ಕಾಗಿ ಕೂಡ. ಆ ಓದುಗವರ್ಗವು ಈಗ ಇದೆ. ಬೆಂಗಳೂರಿನಲ್ಲಿ 2001ರಲ್ಲಿ ವ್ಯಂಗ್ಯಚಿತ್ರಕಾರರ ಸಂಸ್ಥೆಯೊಂದು ಹುಟ್ಟಿ ತನ್ನದೇ ಚಿತ್ರಶಾಲೆಯನ್ನು ನಡೆಸುತ್ತಿದೆ. ಚಿತ್ರಕಲಾ ಪರಿಷತ್ತಿನಲ್ಲಿ ಅಚ್ಚಿನ ಚಿತ್ರಕಲೆಯನ್ನು ಕಲಿಸುತ್ತಾರೆ. ಇವೆರಡೂ ಸಂತೋಷದ ವಿಷಯಗಳೇ. ಆದರೆ ವ್ಯಂಗ್ಯಚಿತ್ರವನ್ನು ಬರೆಯುವವನಿಗೆ ಕಲ್ಲು ತಿಳಿಯದು. ಕಲ್ಲು ತಿಳಿದವನು ನಗಲು ಹೆದರಿ, ಚಿತ್ರಶಾಲೆಯ ಗೋಡೆಗೆಂದು ಹತ್ತು ಪ್ರತಿ ತೆಗೆದು ಸಂಖ್ಯೆ ಹಾಕಿ ಸಹಿ ಮಾಡುತ್ತಾನೆ. ಹತ್ತು ಪ್ರತಿಯ ವ್ಯಂಗ್ಯವು ಯಾರನ್ನು ಚುಚ್ಚೀತು? ಇತ್ತ ಊರೂರಿನ ಸಣ್ಣ ಅಚ್ಚುಕೂಟಗಳು ಮದುವೆಯ ಲಗ್ನಪತ್ರಿಕೆ, ಮಂಡಿಯ ರಸೀತಿ ಪುಸ್ತಕ, ಚುನಾವಣೆಯ ಕರಪತ್ರಗಳಿಂದ ಬದುಕಿದವು. ಆಫ್‌ಸೆಟ್ಟೂ ಗಣಕಯಂತ್ರವೂ ಬಂದ ಮೇಲೆ ಎಷ್ಟೋ ಕಡೆ ಅಚ್ಚುಮೊಳೆಗಳು ಸೀಸದ ತೂಕಕ್ಕೆ ಮಾರಿಹೋದವು. ಮಂಡಿಯವನ ರಸೀತಿಯಿಂದ ಬದುಕುವ ಅಚ್ಚುಕೂಟವು ಮಂಡಿಯ ತೂಕದ ಮೋಸವನ್ನು ಚಿತ್ರವಾಗಿ ಅಚ್ಚು ಹಾಕದು. ಇದು ಯಾರ ಹೇಡಿತನವೂ ಅಲ್ಲ, ಕಸುಬಿನ ಲೆಕ್ಕ. ವ್ಯಂಗ್ಯಚಿತ್ರವು ತನ್ನ ಖರ್ಚನ್ನು ತಾನೇ ದುಡಿಯುವಂತಾಗಬೇಕು.

ಅದು ಆಗದ ಮಾತೆಂದು ತುಮಕೂರು ಜಿಲ್ಲೆಯವರು ಮಾತ್ರ ಹೇಳಬಾರದು. ಅಡಿಕೆಯ ವ್ಯಾಪಾರಕ್ಕೆ ಹೆಸರಾದ ಇದೇ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಸಂಘವು, ಹಾಸ್ಯನಟರಾದ ಗುಬ್ಬಿ ವೀರಣ್ಣನವರ ಕೈಯಲ್ಲಿ ನಗೆಯನ್ನೇ ಬಂಡವಾಳ ಮಾಡಿಕೊಂಡು ಕನ್ನಡ ನಾಡನ್ನೆಲ್ಲ ಸುತ್ತಿತು. ಐದು ಆಡಳಿತಗಳ ಗಡಿಗಳು ಆ ಕಂಪನಿಯನ್ನು ತಡೆಯಲಿಲ್ಲ. ಬಡಗಿ, ದರ್ಜಿ, ಪರದೆಗೆ ಬಣ್ಣ ಬಳಿಯುವವ, ದೀಪದವ, ಅಡಿಗೆಯವ ಇವರೆಲ್ಲರ ಸಂಬಳವೂ ಪ್ರೇಕ್ಷಕನ ಟಿಕೀಟಿನ ಕಾಸಿನಿಂದಲೇ ಹುಟ್ಟಬೇಕಾಗಿದ್ದಿತು. ನೆಲದ ಮೇಲೆ ಕುಳಿತು ನೋಡುವವನ ಕಾಸನ್ನು ವೀರಣ್ಣನವರು ತಾತ್ಸಾರ ಮಾಡಲಿಲ್ಲ. ವ್ಯಂಗ್ಯಚಿತ್ರಕ್ಕೂ ನೆಲದ ಟಿಕೀಟು ಬೇಕು.

ಆದಕಾರಣ ನಾವು ಕೆಲವು ಕೆಲಸಗಳನ್ನು ಸೂಚಿಸುತ್ತೇವೆ. ಉಪಾಧ್ಯಾಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿಶೇಷವಾಗಿ ಬೇಡುತ್ತೇವೆ. ಶಾಲೆಗಳಲ್ಲಿ ಚಿತ್ರಪಾಠವೆಂದರೆ ಮಾವಿನಕಾಯಿಯನ್ನೂ ಸೂರ್ಯೋದಯವನ್ನೂ ಬರೆಯಿಸುವುದಾಗಿದೆ. ಲಿನೋಲಿಯಂ ಹಾಳೆಯ ಒಂದು ತುಂಡು, ಒಂದು ಉಳಿ, ಒಂದು ಡಬ್ಬಿ ಶಾಯಿ, ಒತ್ತುವುದಕ್ಕೆ ಒಂದು ಮರದ ಸೌಟು, ಇಷ್ಟಿದ್ದರೆ ಹೈಸ್ಕೂಲಿನ ಹುಡುಗರು ನೂರು ಪ್ರತಿಗಳನ್ನು ತೆಗೆಯಬಲ್ಲರು; ಯಂತ್ರವೂ ಬೇಡ. ಬಂಗಾಳದ ಚಿತ್ತಪ್ರಸಾದರು ಈ ಬಡವರ ಸಾಮಗ್ರಿಯಿಂದಲೇ ಕೂಲಿಕಾರರ ಬಾಳನ್ನು ದೇಶಕ್ಕೆ ತೋರಿಸಿದರು. ಮಕ್ಕಳು ತಮ್ಮ ಊರಿನ ಬತ್ತಿದ ಕೆರೆ, ಬಾರದ ಬಸ್ಸು, ಉದ್ಘಾಟನೆಯಾಗಿ ಬೀಗ ಬಿದ್ದ ಕಟ್ಟಡ ಇವನ್ನು ಕೆತ್ತಲಿ. ಗುರುಗಳನ್ನು ಕೆತ್ತಿದರೂ ಗುರುಗಳು ಸಹಿಸಿಕೊಳ್ಳಲಿ.

ತುಮಕೂರಿನಲ್ಲಿ ಹಳೆಯ ಟ್ರೆಡಲ್ ಯಂತ್ರವೂ ಮೊಳೆಗಳೂ ಇನ್ನೂ ಎಲ್ಲಿಯಾದರೂ ಉಳಿದಿದ್ದರೆ, ಅವನ್ನು ಗುಜರಿಗೆ ಹಾಕದೆ ಒಂದೆಡೆ ಸೇರಿಸಿ, ಕೆಲಸ ಬಲ್ಲ ಮುದುಕರಿಗೆ ಸಂಬಳ ಕೊಟ್ಟು, ಚಿತ್ರ ಬರೆಯುವ ನಾಲ್ಕು ತರುಣರನ್ನು ಅವರ ಬಳಿ ಕೂರಿಸಬೇಕು. ಗೌರವಧನವೆಂಬ ಸುಳ್ಳು ಮಾತು ಬೇಡ, ಸಂಬಳವೇ ಬೇಕು. ಅಲ್ಲಿಂದ ವಾರಕ್ಕೊಂದು ವ್ಯಂಗ್ಯಚಿತ್ರದ ಹಾಳೆಯು ಹೊರಟು, ಒಂದು ಲೋಟ ಕಾಫಿಯ ಬೆಲೆಗೆ ಸಂತೆಯಲ್ಲಿಯೂ ಬಸ್ ನಿಲ್ದಾಣದಲ್ಲಿಯೂ ಮಾರಲಿ. ಹಾಳೆಯ ಕೆಳಗೆ ಚಿತ್ರ ಬರೆದವನ ಹೆಸರಿನ ಜೊತೆಗೆ ಅಚ್ಚು ಹಾಕಿದವನ ಹೆಸರೂ ಇರಲಿ. ಇಂದು ಮೊಬೈಲುಗಳಲ್ಲಿ ವ್ಯಂಗ್ಯಚಿತ್ರಗಳು ಹೆಸರು ಕತ್ತರಿಸಲ್ಪಟ್ಟು ಊರೂರು ತಿರುಗುತ್ತಿವೆ. ಹೋಗಾರ್ಥನ ಕಾಲದ ಕಳ್ಳರು ತಾಮ್ರವನ್ನಾದರೂ ಕೆತ್ತುವ ಶ್ರಮ ಪಡುತ್ತಿದ್ದರು. ಅಂಥ ಚಿತ್ರವನ್ನು ನೋಡಿ ನಕ್ಕ ಸಾವಿರ ಜನರಲ್ಲಿ ಐವತ್ತು ಜನರು ಹಾಳೆಯನ್ನು ಕೊಂಡರೂ ಅಂಗಡಿಯು ನಡೆಯುತ್ತದೆ.

ಇದಕ್ಕಾಗಿ ಕಾರ್ಖಾನೆಯ ಸಾಮಾಜಿಕ ನಿಧಿಯ ಬಾಗಿಲು ತಟ್ಟಬಹುದೆಂದು ಕೆಲವರು ಹೇಳಿಯಾರು. ಶಾಲೆಗೂ ಆಸ್ಪತ್ರೆಗೂ ಆ ಹಣವು ಸಲ್ಲಲಿ. ವ್ಯಂಗ್ಯಚಿತ್ರದ ಹಾಳೆಗೆ ಬೇಡ. ಬಿದರೆಹಳ್ಳಿ ಕಾವಲಿನಲ್ಲಿ ಎಷ್ಟು ಕನ್ನಡಿಗರಿಗೆ ಕೆಲಸ ಸಿಕ್ಕಿತು, ಸಿಕ್ಕಿದವರಲ್ಲಿ ಎಷ್ಟು ಮಂದಿ ಖಾಯಂ, ಎಷ್ಟು ಮಂದಿ ಗುತ್ತಿಗೆಯವರು, ಗುತ್ತಿಗೆಯವರ ಕೂಲಿಯೆಷ್ಟು, ಇವನ್ನು ಚಿತ್ರದಲ್ಲಿ ಕೇಳಬೇಕಾದ ಹಾಳೆಯು ಉತ್ತರ ಕೊಡಬೇಕಾದವರ ಕೈಯಿಂದ ಶಾಯಿಯ ಹಣವನ್ನು ಪಡೆಯಲಾಗದು. ಕಾರ್ಖಾನೆಯ ಕೆಲಸಗಾರರು ತಮ್ಮ ಜೇಬಿನ ಕಾಸು ಕೊಟ್ಟು ಹಾಳೆಯನ್ನು ಕೊಂಡು ಊಟದ ವಿರಾಮದಲ್ಲಿ ನಕ್ಕರೆ ಅದೇ ಸಾಕು.

ಮೊದಲನೆಯ ಹಾಳೆಯು ಸಿದ್ಧವಾದಂದು ಒಂದು ಕಟ್ಟನ್ನು ಕಾಸರಗೋಡಿಗೆ ಕಳಿಸುವುದನ್ನು ಮರೆಯಬಾರದು. 1956ರಲ್ಲಿ ಕೇರಳಕ್ಕೆ ಸೇರಿಹೋದ ಆ ಕನ್ನಡಿಗರಿಗೆ ನಮ್ಮಿಂದ ಪ್ರತಿ ನವೆಂಬರಿನಲ್ಲಿ ಭಾಷಣಗಳು ಹೋಗುತ್ತಿವೆ. ಅವರೂ ನಾವೂ ಕೂಡಿ ನಗುವ ಒಂದು ಚಿತ್ರವೂ ಹೋಗಲಿ, ಅಲ್ಲಿಂದ ಅವರು ಕೆತ್ತಿದುದೂ ಗುಬ್ಬಿಯ ಸಂತೆಗೆ ಬರಲಿ.